ಫೋಟೋದಲ್ಲಿ ಹಗ್ಗ ಎಲ್ಲಿ?

ಹೋದ ಡಿಸೆಂಬರ್‌ನಲ್ಲಿ ನಾನೊಂದು ಫೋಟೋ ಹಾಕಿದ್ದೆ. ನಿಮ್ಮಲ್ಲಿ ಕೆಲವರು ಲೈಕ್ ಕೂಡ ಮಾಡಿದ್ದೀರಿ. ರಾಮನಗರದ ಕಡೆಯ ಒಂದು ದೊಡ್ಡ ಬಂಡೆ, ಅದರ ಮಧ್ಯದಲ್ಲಿ ನಾನು ಹಲ್ಲಿ ತರಹ ಅಂಟಿಕೊಂಡಿದ್ದೀನಿ, ಹಿಂದೆ ಸಂಜೆ ಬಿಸಿಲು, ಕೆಳಗೆ ತೆಂಗಿನ ತೋಟ ಆಟದ ಸಾಮಾನಿನಷ್ಟು ಚಿಕ್ಕದಾಗಿ ಕಾಣುತ್ತೆ. ಕ್ಯಾಪ್ಷನ್ ಏನಪ್ಪಾ ಅಂದ್ರೆ "ಭಯ ಅನ್ನೋದು ಬರೀ ತಲೆಯಲ್ಲಿ". ಈಗ ಓದಿದರೆ ನನಗೇ ನಾಚಿಕೆ ಆಗುತ್ತೆ.

ಆ ಫೋಟೋ ಪೂರ್ತಿ ಸುಳ್ಳಲ್ಲ. ಅಲ್ಲಿರೋದು ನಾನೇ, ಬಂಡೆಯೂ ನಿಜವಾದದ್ದೇ. ಆದರೆ ನನ್ನ ಸೊಂಟದ ಹಾರ್ನೆಸ್‌ನಿಂದ ಒಂದು ನೀಲಿ ಹಗ್ಗ ಮೇಲಕ್ಕೆ ಹೋಗಿತ್ತು. ಅದು ಸರಿಯಾಗಿ ಮುಖದ ಪಕ್ಕದಲ್ಲೇ ಹಾದು ಫೋಟೋ ಕೆಡಿಸ್ತಾ ಇತ್ತು. ಎಡಿಟಿಂಗ್ ಆಪ್ ತೆಗೆದು ಬೆರಳಿಂದ ಒಂದು ಸಲ ಉಜ್ಜಿದೆ. ಹಗ್ಗ ಮಾಯ.

ಜನವರಿಯಲ್ಲಿ ಫಸ್ಟ್ ಇಯರ್‌ನ ಒಬ್ಬ ಹುಡುಗ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕ್ಯಾಂಟೀನಿನಲ್ಲಿ ಸಿಕ್ಕಿದ. ಮಣಿಕಟ್ಟು ಮುರಿದಿತ್ತು. ಅವನೂ ಅವನ ಇಬ್ಬರು ಫ್ರೆಂಡ್ಸೂ ಒಂದು ಭಾನುವಾರ ಅದೇ ತರಹದ ಒಂದು ಬಂಡೆ ಹುಡುಕಿಕೊಂಡು ಹೋಗಿದ್ದರಂತೆ. ಹಾರ್ಡ್‌ವೇರ್ ಅಂಗಡಿಯಿಂದ ನೈಲಾನ್ ಹಗ್ಗ ತಂದು, ಮೇಲಿಂದ ಇಳಿಬಿಟ್ಟು, ಒಬ್ಬ ಬರಿಗೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಇವನು ಜಾರಿದ. ಹಿಡಿದವನ ಎರಡೂ ಅಂಗೈ ಸುಟ್ಟು ಬೊಬ್ಬೆ ಬಂತು, ಇವನು ನೆಲಕ್ಕೆ ಬಿದ್ದ. ಎತ್ತರ ಜಾಸ್ತಿ ಇರಲಿಲ್ಲ, ಹಾಗಾಗಿ ಕೈ ಒಂದರಲ್ಲೇ ಮುಗೀತು.

ನನಗೆ ಸಿಟ್ಟು ಬಂದು, "ಯಾರಾದ್ರೂ ಹಾಗೆ ಹೋಗ್ತಾರೇನೋ? ಬಟ್ಟೆ ಒಣಗಿಸೋ ಹಗ್ಗ ಅದು" ಅಂದೆ.

ಅವನು ಜಗಳಕ್ಕೇನೂ ಬರಲಿಲ್ಲ. ಮೆಲ್ಲಗೆ ಹೇಳಿದ: "ಅಕ್ಕಾ, ನಿಮ್ ಫೋಟೋದಲ್ಲಿ ಹಗ್ಗನೇ ಇರ್ಲಿಲ್ವಲ್ಲ. ನಾವಾದ್ರೂ ಒಂದು ತಗೊಂಡು ಹೋಗಿದ್ವಿ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಬರೀತಿರೋದು ಅದಕ್ಕೇ. ಬಂಡೆ ಹತ್ತೋ ಫೋಟೋ, ಕೊರಕಲು ಇಳಿಯೋ ಫೋಟೋ ಈಗ ಎಲ್ಲರ ಫೋನಲ್ಲೂ ಬರುತ್ತೆ. ಅವುಗಳನ್ನು ಓದೋದು ಹೇಗೆ, ನಾವೇ ಹಾಕುವಾಗ ಜೊತೆಗೆ ಏನು ಹೇಳಬೇಕು ಅನ್ನೋದನ್ನ ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳ್ತೀನಿ. (ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕಾಗುಣಿತ ತಪ್ಪಿದ್ದರೆ ಸಂಪಾದಕರು ತಿದ್ದಿರ್ತಾರೆ ಅಂತ ಧೈರ್ಯ.)

ಫೋಟೋದ ಬೆಟ್ಟ ಇನ್ನೂ ನುಣ್ಣಗೆ

ದೂರದ ಬೆಟ್ಟ ನುಣ್ಣಗೆ ಅಂತ ಗಾದೆ. ಫೋಟೋದ ಬೆಟ್ಟ ಅದಕ್ಕಿಂತ ನುಣ್ಣಗೆ. ಹೇಗೆ ಅಂತ ನೋಡಿ.

ಮೊದಲನೆಯದು ವಾಲಿಸೋದು. ಬಂಡೆಯನ್ನು ಪಕ್ಕದಿಂದ ತೆಗೆಯುವಾಗ ಫೋನನ್ನು 20 ಡಿಗ್ರಿ ವಾಲಿಸಿದರೆ 50 ಡಿಗ್ರಿಯ ಇಳಿಜಾರು 70 ಡಿಗ್ರಿಯ ಗೋಡೆಯಾಗಿ ಕಾಣುತ್ತೆ. ಆಕಾಶ ಮಾತ್ರ ಹಿಂದೆ ಇದ್ದರೆ ಯಾರಿಗೂ ಗೊತ್ತಾಗಲ್ಲ. ಕಂಡುಹಿಡಿಯೋದು ಹೇಗೆ? ಫೋಟೋದಲ್ಲಿ ತೂಗಾಡುವ ಏನಾದರೂ ಇದೆಯಾ ನೋಡಿ. ಹಾರ್ನೆಸ್‌ಗೆ ನೇತುಹಾಕಿದ ಚಾಕ್ ಚೀಲ, ಕ್ಯಾರಬೀನರ್, ಸಡಿಲವಾಗಿ ಇಳಿದ ಹಗ್ಗದ ತುದಿ. ಗಾರೆ ಕೆಲಸದವರು ದಾರಕ್ಕೆ ಗುಂಡು ಕಟ್ಟಿ ಇಳಿಬಿಡ್ತಾರಲ್ಲ, ಹಾಗೆ ಅವು ಯಾವಾಗಲೂ ನೇರ ಭೂಮಿಯ ಕಡೆಗೇ ಇರುತ್ತವೆ. ಅವು ಫೋಟೋದಲ್ಲಿ ಓರೆಯಾಗಿ ಕಂಡರೆ ಓರೆಯಾಗಿರೋದು ಕ್ಯಾಮೆರಾ. ನನ್ನ ಫೋಟೋದಲ್ಲಿ ಚಾಕ್ ಚೀಲ ಸುಮಾರು 15 ಡಿಗ್ರಿ ಓರೆ ಇದೆ. ಪ್ರೊಟ್ರಾಕ್ಟರ್ ಇಟ್ಟು ಅಳೆದೆ.

ಎರಡನೆಯದು ಲೆನ್ಸ್. ಫೋನಿನ ಅಲ್ಟ್ರಾವೈಡ್, ಅಂದರೆ 0.5 ಎಕ್ಸ್, ಹತ್ತಿರದ್ದನ್ನು ದೊಡ್ಡದು ಮಾಡಿ ದೂರದ್ದನ್ನು ಇನ್ನೂ ದೂರಕ್ಕೆ ತಳ್ಳುತ್ತೆ. ಮೇಲಿಂದ ಕೆಳಕ್ಕೆ ತೆಗೆದರೆ ಎರಡಾಳು ಎತ್ತರವೂ ಪ್ರಪಾತದ ಹಾಗೆ ಕಾಣುತ್ತೆ. ಜೂಮ್ ಮಾಡಿ ದೂರದಿಂದ ತೆಗೆದರೆ ಇದರ ಉಲ್ಟಾ. ಹಿಂದಿನ ಬೆಟ್ಟ ಹತ್ತಿರ ಬಂದು ಹತ್ತುವವರ ಬೆನ್ನಿಗೇ ನಿಂತ ಹಾಗಿರುತ್ತೆ.

ಮೂರನೆಯದು ಫೋಟೋಗ್ರಾಫರ್ ಎಲ್ಲಿ ನಿಂತಿದ್ದಾರೆ ಅನ್ನೋದು. ಕೆಳಗೆ ನಿಂತು ತೆಗೆದರೆ ಹತ್ತುವವರ ಹಿಂಭಾಗ ಬಿಟ್ಟು ಬೇರೇನೂ ಬರಲ್ಲ. ಮುಖ, ಕೈಬೆರಳು, ಕೆಳಗಿನ ಆಳ ಎಲ್ಲ ಒಟ್ಟಿಗೆ ಬಂದಿದೆ ಅಂದರೆ ಕ್ಯಾಮೆರಾ ಹಿಡಿದವರು ಸಾಮಾನ್ಯವಾಗಿ ಮೇಲೆ ಬೇರೊಂದು ಹಗ್ಗಕ್ಕೆ ನೇತಾಡ್ತಾ ಇರ್ತಾರೆ. ಅಲೆಕ್ಸ್ ಹೊನೊಲ್ಡ್ 2017ರ ಜೂನ್ 3ರಂದು ಕ್ಯಾಲಿಫೋರ್ನಿಯಾದ ಎಲ್ ಕ್ಯಾಪಿಟನ್ ಅನ್ನೋ ಸುಮಾರು 900 ಮೀಟರ್ ಗೋಡೆಯನ್ನು ಹಗ್ಗವಿಲ್ಲದೆ ಹತ್ತಿದ್ದು ನಿಮಗೆ ಗೊತ್ತಿರಬಹುದು. "ಫ್ರೀ ಸೋಲೊ" ಸಿನಿಮಾ ನೋಡಿದವರು ಗಮನಿಸಿ. ಅವನಿಗೆ ಹಗ್ಗ ಇರಲಿಲ್ಲ, ಆದರೆ ಗೋಡೆಯ ಮೇಲೆ ಚಿತ್ರೀಕರಿಸುತ್ತಿದ್ದವರೆಲ್ಲ ಹಗ್ಗದಲ್ಲೇ ನೇತಾಡುತ್ತಿದ್ದರು. ಅವನು ಕೂಡ ಅದೇ ದಾರಿಯನ್ನು ಅದಕ್ಕೆ ಮೊದಲು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿ, ಕೈ ಎಲ್ಲಿಡಬೇಕು, ಕಾಲೆಲ್ಲಿಡಬೇಕು ಅಂತ ಬಾಯಿಪಾಠ ಮಾಡಿದ್ದ. ಹಗ್ಗವಿಲ್ಲದ ಆ ಚಿತ್ರದ ಹಿಂದೆ ಎಷ್ಟೊಂದು ಹಗ್ಗ ಇದೆ ನೋಡಿ.

ಹಗ್ಗ ಮೇಲಕ್ಕಾ, ಕೆಳಕ್ಕಾ?

ಕ್ಲೈಂಬಿಂಗ್ ಫೋಟೋ ಬಂದ ತಕ್ಷಣ ಗೊತ್ತಿರುವವರು ಮೊದಲು ನೋಡೋದು ಸೊಂಟದಿಂದ ಹಗ್ಗ ಯಾವ ಕಡೆ ಹೋಗುತ್ತೆ ಅಂತ.

ಮೇಲಕ್ಕೆ ಹೋಗಿದ್ದರೆ ಅದು ಟಾಪ್ ರೋಪ್. ಮೇಲೆ ಗಟ್ಟಿಯಾದ ಆ್ಯಂಕರ್ ಇರುತ್ತೆ, ಹಗ್ಗ ಅದರ ಮೂಲಕ ಹಾದು ಕೆಳಗಿರುವ ಜೊತೆಗಾರರ ಕೈಗೆ ಬಂದಿರುತ್ತೆ. ಅವರನ್ನು ಬಿಲೇಯರ್ ಅಂತಾರೆ. ಜಾರಿದರೆ ಅರ್ಧ ಮೀಟರ್ ಇಳಿದು ನಿಲ್ತೀರಿ. ಹೊಸಬರೆಲ್ಲ ಕಲಿಯೋದು ಹೀಗೇ. ನಾನು ಹತ್ತಿದ್ದೂ ಹೀಗೇ.

ಹಗ್ಗ ಸೊಂಟದಿಂದ ಕೆಳಕ್ಕೆ ಹೋಗಿದ್ದರೆ ಅದು ಲೀಡ್ ಕ್ಲೈಂಬಿಂಗ್. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳ ಫೋಟೋಗಳಲ್ಲಿ ಇದನ್ನ ಜಾಸ್ತಿ ನೋಡಬಹುದು. ಬಂಡೆಗೆ ಕೊರೆದು ಕೂರಿಸಿದ ಬೋಲ್ಟ್‌ಗಳಿಗೆ ಹಗ್ಗ ಸಿಕ್ಕಿಸುತ್ತಾ ಹತ್ತುತ್ತಾ ಹೋಗಬೇಕು. ಕೊನೆಯ ಬೋಲ್ಟ್‌ನಿಂದ 2 ಮೀಟರ್ ಮೇಲಿದ್ದಾಗ ಜಾರಿದರೆ ಕನಿಷ್ಠ 4 ಮೀಟರ್ ಬೀಳ್ತೀರಿ, ಹಗ್ಗ ಹಿಗ್ಗೋದು ಬೇರೆ.

ಹಗ್ಗ ಇಲ್ಲ, ಕೆಳಗೆ ದಪ್ಪ ಹಾಸಿಗೆ ತರಹದ ಪ್ಯಾಡ್ ಇದೆ, ಬಂಡೆ ಮೂರು ನಾಲ್ಕು ಮೀಟರ್ ಎತ್ತರ ಅಂದರೆ ಬೌಲ್ಡರಿಂಗ್. ಹಂಪಿಯ ಗ್ರಾನೈಟ್ ಗುಂಡುಗಳ ಮೇಲೆ ಮಾಡೋದು ಇದು. ಹಗ್ಗವೂ ಇಲ್ಲ, ಪ್ಯಾಡೂ ಇಲ್ಲ, ಎತ್ತರ ಮಾತ್ರ ಇದೆ ಅಂದರೆ ಎರಡರಲ್ಲಿ ಒಂದು. ಒಂದೋ ಹೊನೊಲ್ಡ್ ತರಹದವರು, ಇಲ್ಲಾ ನನ್ನ ತರಹ ಬೆರಳಲ್ಲಿ ಉಜ್ಜಿದವರು.

ಇವುಗಳಲ್ಲಿ ವ್ಯತ್ಯಾಸ ಎಷ್ಟು ಅಂತ ಲೆಕ್ಕ ಹಾಕೋಣ. ನಮ್ಮ ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್ ಕ್ಲಾಸಿನಲ್ಲಿ ಒಂದು ಮಾತು ಬರುತ್ತೆ, ನೆನಪಿದೆಯಾ? ಭಾರವನ್ನು ನಿಧಾನಕ್ಕೆ ಇಟ್ಟರೆ ಬರುವ ಒತ್ತಡಕ್ಕಿಂತ, ತಕ್ಷಣ ಬಿಟ್ಟರೆ ಬರುವ ಒತ್ತಡ ಎರಡು ಪಟ್ಟು. ಟಾಪ್ ರೋಪ್‌ನಲ್ಲಿ ಬಿಗಿಯಾದ ಹಗ್ಗಕ್ಕೆ ಜಾರಿ ಕೂರೋದು ಅಂದರೆ ಅದೇ. ನಿಮ್ಮ ತೂಕ 80 ಕೆಜಿ ಅಂತ ಇಟ್ಟುಕೊಳ್ಳಿ, ಅಂದರೆ ಸುಮಾರು 0.8 ಕಿಲೋನ್ಯೂಟನ್. ನಿಮ್ಮ ಕಡೆಯ ಹಗ್ಗದ ಮೇಲೆ ಬೀಳುವ ಗರಿಷ್ಠ ಬಲ ಸುಮಾರು 1.6 ಕಿಲೋನ್ಯೂಟನ್.

ಲೀಡ್‌ನಲ್ಲಿ ಬೀಳುವ ದೂರ ಸೇರಿಕೊಳ್ಳುತ್ತೆ. ಜಾಸ್ತಿ ದೂರ ಬಿದ್ದರೆ ಜಾಸ್ತಿ ಶಕ್ತಿ, ಆದರೆ ಹಗ್ಗ ಉದ್ದ ಇದ್ದಷ್ಟೂ ಆ ಶಕ್ತಿಯನ್ನು ಹೀರುವ ಹಗ್ಗವೂ ಜಾಸ್ತಿ. ಹಾಗಾಗಿ ಮುಖ್ಯವಾಗೋದು ಬಿದ್ದ ದೂರವನ್ನು ಹಗ್ಗದ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆ. ಇದಕ್ಕೆ ಫಾಲ್ ಫ್ಯಾಕ್ಟರ್ ಅಂತಾರೆ. ಕ್ಲೈಂಬಿಂಗ್‌ನಲ್ಲಿ ಸಾಮಾನ್ಯವಾಗಿ ಇದರ ಗರಿಷ್ಠ 2. ಹಗ್ಗವನ್ನು ಸ್ಪ್ರಿಂಗ್ ಅಂದುಕೊಂಡು, ಅದರ ಏರಿಯಾ ಇಂಟು ಮಾಡ್ಯುಲಸ್ 24 ಕಿಲೋನ್ಯೂಟನ್ ಅಂತ ಇಟ್ಟುಕೊಂಡು, ಎನರ್ಜಿ ಸಮೀಕರಣ ಬಿಡಿಸಿದೆ. 20 ಮೀಟರ್ ಹಗ್ಗ ಹೊರಗಿದ್ದಾಗ 4 ಮೀಟರ್ ಬಿದ್ದರೆ ಫ್ಯಾಕ್ಟರ್ 0.2, ಬಲ ಸುಮಾರು 3.6 ಕಿಲೋನ್ಯೂಟನ್. 2 ಮೀಟರ್ ಹಗ್ಗದಲ್ಲಿ ಅದೇ 4 ಮೀಟರ್ ಬಿದ್ದರೆ ಫ್ಯಾಕ್ಟರ್ 2, ಬಲ ಸುಮಾರು 9.5. ಬಿದ್ದ ದೂರ ಒಂದೇ, ಪೆಟ್ಟು ಎರಡೂವರೆ ಪಟ್ಟಿಗಿಂತ ಜಾಸ್ತಿ.

ಕ್ಲೈಂಬಿಂಗ್ ಹಗ್ಗವನ್ನು ಬೇಕಂತಲೇ ಹಿಗ್ಗುವ ಹಾಗೆ ನೇಯ್ದಿರೋದು ಇದಕ್ಕೇ. ಸಿಂಗಲ್ ರೋಪ್‌ಗೆ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 80 ಕೆಜಿ ತೂಕ ಬೀಳಿಸಿ ನೋಡ್ತಾರೆ. ಮೊದಲ ಬೀಳುವಿಕೆಯಲ್ಲಿ ಬಲ 12 ಕಿಲೋನ್ಯೂಟನ್ ಮೀರಬಾರದು. ಇಳಿಯೋದಕ್ಕೆ ಬಳಸುವ ಸ್ಟ್ಯಾಟಿಕ್ ರೋಪ್ ಇಷ್ಟು ಹಿಗ್ಗಲ್ಲ, ಅದರಲ್ಲಿ ಲೀಡ್ ಮಾಡುವ ಹಾಗಿಲ್ಲ. ಕನ್ನಡದಲ್ಲಿ ನಾವು ಎಲ್ಲಕ್ಕೂ ಹಗ್ಗ ಅಂತೀವಿ. ಅಂಗಡಿಯಲ್ಲೂ ಹಗ್ಗ ಅಂತಲೇ ಕೊಡ್ತಾರೆ. ಆ ಹುಡುಗ "ಒಂದು ಹಗ್ಗ ತಗೊಂಡು ಹೋಗಿದ್ವಿ" ಅಂದಾಗ ಅವನ ಪ್ರಕಾರ ಅವನು ಸರಿಯಾಗೇ ಮಾಡಿದ್ದ.

ಹೋರಿ ಮತ್ತು ಗೂಟ

ಆವತ್ತು ಕೈಕೊಟ್ಟಿದ್ದು ಹಗ್ಗ ಕೂಡ ಅಲ್ಲ. ಅದು ಕಡಿಯಲಿಲ್ಲ, ಕೈಯಿಂದ ಜಾರಿತು. ಇದನ್ನೂ ಫಸ್ಟ್ ಇಯರ್ ಮೆಕ್ಯಾನಿಕ್ಸ್ ವಿವರಿಸುತ್ತೆ.

ನಮ್ಮಜ್ಜನ ಮನೆಯಲ್ಲಿ ಹೋರಿ ಇತ್ತು. ಅಜ್ಜ ಅದನ್ನು ಎಳೆದು ನಿಲ್ಲಿಸ್ತಾ ಇರಲಿಲ್ಲ, ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಸುಮ್ಮನೆ ಹಿಡ್ಕೊಳ್ತಿದ್ದರು. ಹೋರಿ ಎಷ್ಟು ಎಳೆದರೂ ಅಜ್ಜನ ಕೈಗೆ ಗೊತ್ತೇ ಆಗ್ತಿರಲಿಲ್ಲ. ಬೆಲ್ಟ್ ಫ್ರಿಕ್ಷನ್ ಅಂತ ಓದಿದೀವಲ್ಲ, ಅದು ಇದೇ. ಸುತ್ತು ಹೆಚ್ಚಾದ ಹಾಗೆ ಹಿಡಿತ ಎಕ್ಸ್‌ಪೊನೆನ್ಷಿಯಲ್ ಆಗಿ ಏರುತ್ತೆ. ಘರ್ಷಣಾಂಕ 0.3 ಇದ್ದರೆ ಒಂದು ಪೂರ್ತಿ ಸುತ್ತಿಗೆ ಸುಮಾರು ಆರೂವರೆ ಪಟ್ಟು, ಎರಡು ಸುತ್ತಿಗೆ ನಲವತ್ತು ಪಟ್ಟು ದಾಟುತ್ತೆ.

ಬಿಲೇಯರ್ ಸೊಂಟದಲ್ಲಿರುವ ಬಿಲೇ ಡಿವೈಸ್ ಆ ಗೂಟದ ಕೆಲಸ ಮಾಡುತ್ತೆ. ಹಗ್ಗವನ್ನು ಚಿಕ್ಕ ಲೋಹದ ತುಂಡಿನೊಳಗೆ ತೀಕ್ಷ್ಣವಾಗಿ ಬಗ್ಗಿಸಿ, ಕೈಯ ಹಿಡಿತವನ್ನು ಹಲವು ಪಟ್ಟು ಮಾಡುತ್ತೆ. ಅದಿಲ್ಲದೆ ಬೀಳುತ್ತಿರುವ ಮನುಷ್ಯನನ್ನು ತೆಳ್ಳನೆಯ ಹಗ್ಗದಲ್ಲಿ ಬರಿಗೈಯಿಂದ ಹಿಡಿಯೋದು ಆಗದ ಮಾತು. ಸೊಂಟದ ಹತ್ತಿರ ಬೆರಳಿನಷ್ಟು ಉದ್ದದ ಆ ವಸ್ತು ಫೋಟೋದಲ್ಲಿ ಕಾಣಿಸಿದರೂ ಗೊತ್ತಿಲ್ಲದವರಿಗೆ ಕಾಣಲ್ಲ. ನನ್ನ ಫೋಟೋದಲ್ಲಂತೂ ಬಿಲೇಯರ್ ಅನ್ನೋ ಮನುಷ್ಯಳೇ ಇಲ್ಲ. ನನ್ನ ರೂಮ್‌ಮೇಟ್ ಮುಕ್ಕಾಲು ಗಂಟೆ ಕತ್ತೆತ್ತಿ ನಿಂತು ನನ್ನ ಪ್ರಾಣ ಹಿಡಿದುಕೊಂಡಿದ್ದಳು, ಅವಳನ್ನು ಟ್ಯಾಗ್ ಕೂಡ ಮಾಡಿರಲಿಲ್ಲ.

ಕೊರಕಲಿನ ಫೋಟೋ, ಕಾಣದ ಮಳೆ

ಬಂಡೆಯ ಫೋಟೋ ಹಗ್ಗ ಮುಚ್ಚಿಡುತ್ತೆ. ಕೊರಕಲಿನ ಫೋಟೋ ಅದಕ್ಕಿಂತ ದೊಡ್ಡದನ್ನು ಮುಚ್ಚಿಡುತ್ತೆ.

ಕ್ಯಾನಿಯನಿಯರಿಂಗ್ ಅಂದರೆ ನೀರು ಕೊರೆದ ಕಿರಿದಾದ ಕಣಿವೆಯೊಳಗೆ ಮೇಲಿನಿಂದ ಹೊಕ್ಕು, ನಡೆದು, ಈಜಿ, ಹಗ್ಗದಲ್ಲಿ ಇಳಿದು, ಕೆಳಗೆ ಹೊರಬರೋದು. ಬಂಡೆ ಹತ್ತುವಾಗ ಸುಸ್ತಾದರೆ ಕೆಳಗಿಳಿಸಿ ಅಂತ ಕೂಗಬಹುದು. ಇಲ್ಲಿ ಹಾಗಿಲ್ಲ. ಒಂದು ಇಳಿತ ಮುಗಿದ ಮೇಲೆ ಮುಂದಿನದಕ್ಕೆ ಬೇಕಲ್ಲ ಅಂತ ಹಗ್ಗವನ್ನು ಕೆಳಗಿನಿಂದ ಎಳೆದುಕೊಳ್ತಾರೆ. ಎಳೆದ ಆ ಕ್ಷಣದಿಂದ ಹಿಂದಿನ ದಾರಿ ಮುಚ್ಚಿತು. ಮುಂದೆ ಹೋಗೋದೊಂದೇ.

ಇದಕ್ಕೆ ಹೆಸರಾದ ಜಾಗಗಳಲ್ಲಿ ಒಂದು ಅಂದರೆ ಅಮೆರಿಕದ ಯೂಟಾ ಮತ್ತು ಅರಿಜೋನಾ ಕಡೆಯ ಮರಳುಗಲ್ಲಿನ ನಾಡು. ಅಲ್ಲಿನ ಆಂಟಿಲೋಪ್ ಕ್ಯಾನಿಯನ್ ಫೋಟೋವನ್ನು ನೀವು ಎಲ್ಲಾದರೂ ನೋಡಿಯೇ ಇರ್ತೀರಿ. ಕಿತ್ತಳೆ ಬಣ್ಣದ ಗೋಡೆಗಳು ರೇಷ್ಮೆ ಸೀರೆಯ ಮಡಿಕೆಯ ಹಾಗೆ, ಮೇಲಿನ ಸೀಳಿನಿಂದ ಒಂದು ಬಿಸಿಲುಕೋಲು. ಅದು ನವಾಹೊ ಜನರ ನೆಲ. ಅಲ್ಲಿ ನಡೆಯೋಕೆ ತಾಂತ್ರಿಕ ಕೌಶಲ ಬೇಕಿಲ್ಲ, ಪ್ರವಾಸಿಗರೇ ಹೋಗ್ತಾರೆ. 1997ರ ಆಗಸ್ಟ್ 12ರಂದು ಅದರ ಕೆಳಗಿನ ಭಾಗದಲ್ಲಿ 11 ಜನ ಪ್ರವಾಸಿಗರು ಪ್ರವಾಹಕ್ಕೆ ಸಿಕ್ಕಿ ಸತ್ತರು. ಅವರಿದ್ದ ಜಾಗದಲ್ಲಿ ಹೇಳಿಕೊಳ್ಳುವ ಮಳೆಯೇ ಇರಲಿಲ್ಲ. ಮಳೆ ಸುರಿದದ್ದು ಮೈಲಿಗಟ್ಟಲೆ ಆಚೆ, ಅದೇ ಹಳ್ಳದ ಮೇಲ್ಭಾಗದಲ್ಲಿ. ಕಲ್ಲಿನ ನೆಲ ನೀರು ಕುಡಿಯಲ್ಲ, ಎಲ್ಲ ನೀರೂ ಆ ಸೀಳಿಗೇ ಬಂತು. 2015ರ ಸೆಪ್ಟೆಂಬರ್ 14ರಂದು ಯೂಟಾದ ಜಯಾನ್ ನ್ಯಾಷನಲ್ ಪಾರ್ಕಿನ ಕೀಹೋಲ್ ಕ್ಯಾನಿಯನ್‌ನಲ್ಲಿ ಹಗ್ಗ ಹಾರ್ನೆಸ್ ಎಲ್ಲ ಇದ್ದ 7 ಜನರ ತಂಡ ಇದೇ ರೀತಿ ಪ್ರವಾಹಕ್ಕೆ ಸಿಕ್ಕಿ ಹೋಯಿತು.

ಆ ಗೋಡೆಗಳು ಅಷ್ಟು ನುಣುಪಾಗಿರೋದು ಯಾಕೆ? ಪ್ರವಾಹಗಳೇ ಮರಳು ತಂದು ತಂದು ತಿಕ್ಕಿ ಹಾಗೆ ಮಾಡಿದ್ದು. ಅಂದರೆ ನಾವು ಲೈಕ್ ಒತ್ತೋ ಆ ಚಂದದ ಅಲೆಗಳೇ ಅಪಾಯದ ಗುರುತು. ಫೋಟೋ ನೋಡಿದವರಿಗೆ ಬಣ್ಣ ಕಾಣುತ್ತೆ, ಓದಲು ಬಂದವರಿಗೆ ನೀರು ಎಷ್ಟು ಎತ್ತರ ಹರಿದಿದೆ ಅನ್ನೋದು ಕಾಣುತ್ತೆ.

ನನ್ನ ರೂಮ್‌ಮೇಟ್ ಮಲೆನಾಡಿನವಳು. ಇದನ್ನೆಲ್ಲ ಅವಳಿಗೆ ವಿವರಿಸಿದರೆ, "ಇದರಲ್ಲೇನು ಹೊಸದು? ಹಳ್ಳದ ನೀರಿನ ಬಣ್ಣ ಬದಲಾದರೆ ಮೊದಲು ದಡ ಹತ್ತು, ಆಮೇಲೆ ಯಾಕೆ ಅಂತ ಕೇಳು ಅಂತ ನಮ್ಮಮ್ಮ ಹೇಳ್ತಿದ್ರು" ಅಂದಳು. ಘಟ್ಟದ ಜಲಪಾತದ ಕೆಳಗೆ ನಿಂತು ಸೆಲ್ಫಿ ತೆಗೆಯುವ ನಮ್ಮೆಲ್ಲರಿಗೂ ಈ ಮಾತು ಅನ್ವಯಿಸುತ್ತೆ. ನಿಮ್ಮ ತಲೆಯ ಮೇಲಿನ ಆಕಾಶ ಮುಖ್ಯ ಅಲ್ಲ, ಹಳ್ಳ ಹುಟ್ಟುವ ಕಡೆಯ ಆಕಾಶ ಮುಖ್ಯ. ಅದು ಯಾವ ಫೋಟೋದಲ್ಲೂ ಬರಲ್ಲ, ಬರೆದೇ ಹೇಳಬೇಕು.

ಹಾಗಾದರೆ ಏನು ಬರೀಬೇಕು?

ಅಮೆರಿಕದ ಕ್ಯಾನಿಯನ್‌ಗಳಿಗೆ ಒಂದು ರೇಟಿಂಗ್ ಪದ್ಧತಿ ಇದೆ. ನನಗೆ ಇದು ತುಂಬಾ ಇಷ್ಟ. ಮೊದಲು 1ರಿಂದ 4ರವರೆಗೆ ಒಂದು ಅಂಕಿ: ಬರೀ ನಡಿಗೆಯಾ, ಹಗ್ಗ ಬೇಕಾ, ಎಷ್ಟು ಕಷ್ಟ. ಆಮೇಲೆ ಎ, ಬಿ, ಸಿ ಅಕ್ಷರ: ಒಣಗಿದೆಯಾ, ನಿಂತ ನೀರಲ್ಲಿ ಈಜಬೇಕಾ, ಹರಿಯುವ ನೀರಾ. ಕೊನೆಗೆ ರೋಮನ್ ಅಂಕಿ: ಕೆಲವು ಗಂಟೆ ಸಾಕಾ, ಇಡೀ ದಿನ ಬೇಕಾ, ರಾತ್ರಿ ಉಳೀಬೇಕಾ. ಮೂರೇ ಚಿಹ್ನೆ, ಆದರೆ ಹೊರಡುವವರಿಗೆ ಬೇಕಾದ ಮೂರೂ ಪ್ರಶ್ನೆಗೆ ಉತ್ತರ ಇದೆ. ನಮ್ಮ ಕ್ಯಾಪ್ಷನ್‌ಗಳಲ್ಲಿ ಹತ್ತು ಹ್ಯಾಶ್‌ಟ್ಯಾಗ್ ಇದ್ದರೂ ಒಂದು ಉತ್ತರವೂ ಇರಲ್ಲ.

ಒಂದು ಟ್ರಿಪ್ಪಿನ ಕಥೆ ಬರೆಯುವಾಗ ನಾನು ಈಗ ಇಷ್ಟು ಸೇರಿಸ್ತೀನಿ. ಯಾವ ತಿಂಗಳು, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ವಾಪಸ್. ಎಷ್ಟು ಜನ, ಅದರಲ್ಲಿ ಕಲಿತವರು ಎಷ್ಟು ಜನ. ಯಾವ ರೀತಿ ಹತ್ತಿದ್ದು, ಟಾಪ್ ರೋಪಾ ಲೀಡಾ. ಆ್ಯಂಕರ್ ಯಾರು ಹಾಕಿದ್ದು, ಯಾರು ಇನ್ನೊಮ್ಮೆ ಚೆಕ್ ಮಾಡಿದ್ದು. ಇಳಿದ ದಾರಿ. ಕುಡಿಯೋ ನೀರು. ಫೋನ್ ಸಿಗ್ನಲ್ ಇತ್ತಾ. ಕೊನೆಗೆ, ಏನು ತಪ್ಪಾಯ್ತು.

ಈ ಕೊನೆಯದು ಬರೆಯೋದು ಕಷ್ಟ. ಆದರೆ ಬೇರೆಯವರಿಗೆ ನಿಜವಾಗಿ ಉಪಯೋಗಕ್ಕೆ ಬರೋದು ಅದೊಂದೇ. ಅಮೆರಿಕನ್ ಆಲ್ಪೈನ್ ಕ್ಲಬ್ 1948ರಿಂದ ಇದಕ್ಕಂತಲೇ ಒಂದು ವಾರ್ಷಿಕ ವರದಿ ತರ್ತಾ ಇದೆ. ಆ ವರ್ಷದ ಅಪಘಾತಗಳನ್ನು ಒಂದೊಂದಾಗಿ ತೆಗೆದುಕೊಂಡು, ಮೊದಲು ಏನಾಯ್ತು, ಆಮೇಲೆ ಯಾಕಾಯ್ತು ಅಂತ ಬರೀತಾರೆ. ಲ್ಯಾಬ್ ರೆಕಾರ್ಡ್‌ನಲ್ಲಿ ಅಬ್ಸರ್ವೇಷನ್ ಆದ ಮೇಲೆ ಇನ್ಫರೆನ್ಸ್ ಬರೀತೀವಲ್ಲ, ಅದೇ ಕ್ರಮ. ಗಂಟು ಪೂರ್ತಿ ಹಾಕದೆ ಹತ್ತಿದ್ದು, ಹಗ್ಗದ ತುದಿಗೆ ಗಂಟು ಹಾಕದೆ ಇಳಿಯಲು ಹೋಗಿ ತುದಿಯಿಂದ ಜಾರಿ ಹೋಗಿದ್ದು, ಇಂಥ ಚಿಕ್ಕ ಚಿಕ್ಕ ತಪ್ಪುಗಳೇ ಮತ್ತೆ ಮತ್ತೆ ಬರುತ್ತವೆ. ಅವನ್ನು ಓದಿದವರು ಮುಂದಿನ ಸಲ ತುದಿಗೆ ಗಂಟು ಹಾಕ್ತಾರೆ.

ಕಥೆ ಹೇಳೋದು ಟ್ರಿಪ್ ಮುಗಿದ ಮೇಲಷ್ಟೇ ಅಲ್ಲ, ಹೋಗುವ ಮೊದಲೂ ಹೇಳಬೇಕು. ಆರನ್ ರಾಲ್ಸ್ಟನ್ ಕಥೆ ಗೊತ್ತಲ್ಲ? 2003ರ ಏಪ್ರಿಲ್ 26ರಂದು ಯೂಟಾದ ಬ್ಲೂ ಜಾನ್ ಕ್ಯಾನಿಯನ್‌ನಲ್ಲಿ ಒಂದು ಬಂಡೆ ಜಾರಿ ಅವನ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. 127 ಗಂಟೆ ಅಲ್ಲೇ ಸಿಕ್ಕಿಹಾಕಿಕೊಂಡು, ಕೊನೆಗೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಡ್ಯಾನಿ ಬಾಯ್ಲ್ 2010ರಲ್ಲಿ ಸಿನಿಮಾ ಮಾಡಿದರು, ಸಂಗೀತ ಎ.ಆರ್. ರೆಹಮಾನ್. ಅವನ ಹತ್ತಿರ ವಿಡಿಯೋ ಕ್ಯಾಮೆರಾ ಇತ್ತು, ಮನೆಯವರಿಗೆ ವಿದಾಯದ ಮಾತು ಅದರಲ್ಲಿ ರೆಕಾರ್ಡ್ ಮಾಡಿದ. ಆದರೆ ತಾನು ಎಲ್ಲಿಗೆ ಹೋಗ್ತಿದ್ದೀನಿ ಅಂತ ಹೊರಡುವ ಮೊದಲು ಯಾರಿಗೂ ಹೇಳಿರಲಿಲ್ಲ. "ಇಂಥ ಕಡೆ ಹೋಗ್ತಿದ್ದೀನಿ, ಇಷ್ಟು ಗಂಟೆಗೆ ಫೋನ್ ಬರದಿದ್ರೆ ಹುಡುಕಿ" ಅನ್ನೋ ಒಂದು ಮೆಸೇಜ್ ಇದ್ದಿದ್ದರೆ ಹುಡುಕಾಟ ಬೇಗ, ಸರಿಯಾದ ಜಾಗದಲ್ಲೇ ಶುರುವಾಗುತ್ತಿತ್ತು. ಆ ಮೆಸೇಜಿಗೆ ಒಂದು ಲೈಕೂ ಬರಲ್ಲ. ಆದರೂ ಅದನ್ನೇ ಮೊದಲು ಕಳಿಸಬೇಕು.

ಜಾಗ ಹೇಳಬೇಕಾ?

ಒಂದು ವಿಷಯ ಮಾತ್ರ ಕೆಲವು ಸಲ ಹೇಳದೇ ಇರೋದೇ ಒಳ್ಳೇದು. ಅದು ಲೊಕೇಶನ್.

ಚಿತ್ರಗಳಿಗೆ ಜನರನ್ನು ಎಳೆದು ತರುವ ಶಕ್ತಿ ಇದೆ. 2000ದ ದಶಕದ ಶುರುವಿನಲ್ಲಿ ಕ್ರಿಸ್ ಶರ್ಮಾ ಅನ್ನೋ ಅಮೆರಿಕದ ಕ್ಲೈಂಬರ್ ಹಂಪಿಗೆ ಬಂದು ಹತ್ತಿದ್ದು "ಪಿಲ್ಗ್ರಿಮೇಜ್" ಅನ್ನೋ ಚಿತ್ರವಾಯಿತು. ದೂರದ ದೇಶಗಳ ಬೌಲ್ಡರಿಂಗ್ ಹುಚ್ಚಿನವರಿಗೆ ಹಂಪಿಯ ಬಂಡೆಗಳ ಪರಿಚಯವಾಯಿತು. ಇದು ಒಳ್ಳೆಯದೇ. ಆದರೆ ಹಂಪಿಯಲ್ಲಿ ಯಾವ ಬಂಡೆ ಬರೀ ಬಂಡೆ, ಯಾವುದು ಸ್ಮಾರಕದ ಭಾಗ ಅನ್ನೋದು ಫೋಟೋದಲ್ಲಿ ಗೊತ್ತಾಗಲ್ಲ. ಬಾದಾಮಿಯಲ್ಲೂ ಅಷ್ಟೇ, ಚಾಲುಕ್ಯರ ಗುಹೆಗಳು ಕೊರೆದಿರೋದೂ ಅದೇ ಕೆಂಪು ಕಲ್ಲಿನಲ್ಲಿ.

ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ವನ್ಯಧಾಮ ಅಂತ ಘೋಷಿಸಿದರು. "ಶೋಲೆ" ಬೆಟ್ಟ ಅಂತ ನಾವು ಹೋಗೋ ಜಾಗ ಅದು. ಅಳಿವಿನ ಅಂಚಿನಲ್ಲಿರುವ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟೋದು ಕಡಿದಾದ ಬಂಡೆಯ ಚಾಚುಗಳಲ್ಲಿ, ಅಂದರೆ ನಮಗೆ ಫೋಟೋ ಚೆನ್ನಾಗಿ ಬರೋ ಜಾಗದಲ್ಲೇ. ಜಯಾನ್‌ನಲ್ಲಿ ಪೆರೆಗ್ರಿನ್ ಗಿಡುಗ ಗೂಡು ಕಟ್ಟುವ ಕಾಲಕ್ಕೆ ಕೆಲವು ಗೋಡೆಗಳನ್ನೇ ಕ್ಲೈಂಬರ್‌ಗಳಿಗೆ ಮುಚ್ಚಿಬಿಡ್ತಾರೆ. ಹಾಗಾಗಿ ಹೊರಡುವ ಮೊದಲು ಅರಣ್ಯ ಇಲಾಖೆಯ ನಿಯಮ ಕೇಳಿ. ಗೂಡಿನ ಫೋಟೋ ಸಿಕ್ಕರೂ ಜಾಗ ಹಾಕಬೇಡಿ.

ನೀವು ಬರೆಯದಿದ್ದರೂ ಫೋಟೋ ಫೈಲ್ ಒಳಗೆ ಜಿಪಿಎಸ್ ಕೂತಿರಬಹುದು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಅಳಿದುಹೋಗುತ್ತೆ. ಕ್ವಾಲಿಟಿ ಚೆನ್ನಾಗಿರಲಿ ಅಂತ ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ಲೊಕೇಶನ್ ಆಫ್ ಮಾಡಬಹುದು.

ಕೊನೆಗೆ ನನ್ನ ಫೋಟೋ

ಆ ಫೋಟೋ ಡಿಲೀಟ್ ಮಾಡೋಣ ಅಂತ ಹೊರಟಿದ್ದೆ. ಆಮೇಲೆ ಯೋಚಿಸಿದೆ, ಡಿಲೀಟ್ ಮಾಡಿದರೆ ಅದು ಇನ್ನೊಂದು ಸಲ ಬೆರಳಲ್ಲಿ ಉಜ್ಜಿದ ಹಾಗೆ ಅಷ್ಟೇ. ಗ್ಯಾಲರಿಯಲ್ಲಿ ಒರಿಜಿನಲ್ ಇತ್ತು. ಹಗ್ಗ ಸಮೇತ ಹಾಕಿದೆ. ಮುಂದಿನ ಫೋಟೋದಲ್ಲಿ ನನ್ನ ರೂಮ್‌ಮೇಟ್ ಕತ್ತೆತ್ತಿ ನಿಂತಿದ್ದಾಳೆ. ಕ್ಯಾಪ್ಷನ್: "ಟಾಪ್ ರೋಪ್. ಎತ್ತರ 12 ಮೀಟರ್, ಕ್ಯಾಮೆರಾ 15 ಡಿಗ್ರಿ ವಾಲಿದೆ. ಆ್ಯಂಕರ್ ಹಾಕಿದ್ದು ನಮ್ಮ ಇನ್‌ಸ್ಟ್ರಕ್ಟರ್. ಎರಡು ಸಲ ಜಾರಿದೆ. ಎರಡು ಸಲವೂ ಹಿಡಿದದ್ದು ಇವಳು. ಭಯ ಆಗಿತ್ತು." ಲೈಕ್ ಮೊದಲಿನ ಕಾಲು ಭಾಗವೂ ಬರಲಿಲ್ಲ. ಆದರೆ ನಾಲ್ಕು ಜನ ಮೆಸೇಜ್ ಮಾಡಿ ಎಲ್ಲಿ ಕಲಿಯಬಹುದು ಅಂತ ಕೇಳಿದರು.

ಕಲಿಯೋದಕ್ಕೆ ದಾರಿ ಇದೆ. ಕರ್ನಾಟಕ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಕ್ಲೈಂಬಿಂಗ್ ವಾಲ್ ಇದೆ. ಈ ಲೇಖನ ಓದಿ ಮಾತ್ರ ದಯವಿಟ್ಟು ಹೊರಡಬೇಡಿ. ಲೆಕ್ಕ ಗೊತ್ತಾದ ಮಾತ್ರಕ್ಕೆ ಗಂಟು ಹಾಕಲು ಬರಲ್ಲ. ನನಗೆ ಲೆಕ್ಕ ಮೊದಲೇ ಬರ್ತಿತ್ತು, ಗಂಟು ಸರಿಯಾಗಿ ಬರೋಕೆ ಮೂರು ವಾರ ಬೇಕಾಯ್ತು.

ಆ ಹುಡುಗನ ಪ್ಲಾಸ್ಟರ್ ಇನ್ನೂ ಬಿಚ್ಚಿಲ್ಲ. ಆದರೆ ಸಂಜೆ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು, ನಾನು ಕೊಟ್ಟ ಒಂದು ತುಂಡು ಹಗ್ಗದಲ್ಲಿ, ಎಡಗೈಯಿಂದ ಎಂಟರ ಆಕಾರದ ಗಂಟು ಹಾಕೋದು ಕಲೀತಿದ್ದಾನೆ. ನಿನ್ನೆ ಒಂದು ಫೋಟೋ ಕಳಿಸಿದ್ದ. ಗಂಟು ತಪ್ಪಾಗಿತ್ತು. "ತಪ್ಪಾಗಿದೆ ಅಂತ ಗೊತ್ತು ಅಕ್ಕಾ, ಎಲ್ಲಿ ತಪ್ಪು ಅಂತ ಹೇಳಿ" ಅಂತ ಕೆಳಗೆ ಬರೆದಿದ್ದ.

ಅಂಥ ಫೋಟೋ ನಿಮ್ಮ ಹತ್ತಿರ ಇದ್ದರೆ, ಜೊತೆಗೆ ಒಂದು ಪುಟ ಕಥೆ ಬರೆದು ಮುಂದಿನ ಸಂಚಿಕೆಗೆ ಕಳಿಸಿ. ಹಗ್ಗ ಅಳಿಸಬೇಡಿ.